ಕೆಂಪಣ್ಣನವರ ಹೆಸರು ಮತ್ತು ನನ್ನ ಹದಿನೈದು ನಿಮಿಷ

ನಮ್ಮ ಮನೆಯ ಬೀರುವಿನ ಕೀಲಿಗೆ ಹೋದ ತಿಂಗಳಿಂದ ಭಾರಿ ಮರ್ಯಾದೆ ಬಂದಿದೆ. ಮೊದಲು ಅದು ಹಳೆಯ ಲಂಗದ ಲಾಡಿಯ ತುಂಡಿನಲ್ಲಿ ನೇತಾಡುತ್ತಿತ್ತು. ಈಗ ಎರಡು ಬೆರಳಗಲದ ನೀಲಿ ಪಟ್ಟಿಯಲ್ಲಿ ತೂಗಾಡುತ್ತದೆ. ಪಟ್ಟಿಯ ತುದಿಯಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಚೀಲದೊಳಗೆ ನನ್ನ ಹೆಸರು, ಹೆಸರಿನ ಕೆಳಗೆ ದಪ್ಪಕ್ಷರದ ಇಂಗ್ಲಿಷಿನಲ್ಲಿ ‘ವಿಶೇಷ ಉಪನ್ಯಾಸಕರು’. ಮೈಸೂರಿನಲ್ಲಿ ನಡೆದ ವಾಕ್ ಚಿಕಿತ್ಸಕರ ರಾಷ್ಟ್ರೀಯ ಸಮ್ಮೇಳನದಲ್ಲಿ ಎರಡು ದಿನ ನನ್ನ ಕೊರಳನ್ನು ಅಲಂಕರಿಸಿದ ಪಟ್ಟಿ ಇದು. ನಾನು ಇದನ್ನು ಗಾಜು ಹಾಕಿಸಿ ಗೋಡೆಗೆ ತೂಗುಹಾಕಬೇಕೆಂದಿದ್ದೆ. ನಮ್ಮ ಮನೆಯವರು, "ಇದಕ್ಕೆ ಕಟ್ಟಿದ್ರೆ ಕೀಲಿ ಎಲ್ಲಿದ್ರೂ ಕಣ್ಣಿಗೆ ಬೀಳುತ್ತೆ" ಎಂದು ಕಟ್ಟಿಯೇಬಿಟ್ಟರು. ಬೀರು ತೆಗೆಯುವಾಗಲೆಲ್ಲ ಆ ಪಟ್ಟಿ ನನ್ನನ್ನು ನೋಡಿ ಕಿಸಕ್ಕೆಂದು ನಕ್ಕ ಹಾಗಾಗುತ್ತದೆ. ನಗಲಿ, ನಗುವುದಕ್ಕೆ ಅದಕ್ಕೆ ಕಾರಣವಿದೆ.

ನನ್ನ ಕಸುಬು ಮಾತು ಬರಿಸುವುದು. ತೊದಲುವ ಮಕ್ಕಳು, ಮೂರು ವರ್ಷವಾದರೂ ಬಾಯಿಬಿಡದ ಕೂಸುಗಳು, ಲಕ್ವ ಹೊಡೆದು ಮಾತು ಕಳೆದುಕೊಂಡ ಹಿರಿಯರು, ಎಲ್ಲರೂ ನಮ್ಮಲ್ಲಿಗೆ ಬರುತ್ತಾರೆ. ನಂಜನಗೂಡಿನಲ್ಲಿ ನನ್ನದೇ ಒಂದು ಕೋಣೆಯ ಕ್ಲಿನಿಕ್ ಇದೆ. ಮಂಗಳವಾರ, ಶುಕ್ರವಾರ ಟಿ. ನರಸೀಪುರದಲ್ಲಿ ಮೆಡಿಕಲ್ ಅಂಗಡಿಯೊಂದರ ಮಹಡಿಯ ಮೇಲೆ ಕೂರುತ್ತೇನೆ. ಜನ ನನ್ನನ್ನು ‘ಮಾತಿನ ಡಾಕ್ಟ್ರು’ ಎನ್ನುತ್ತಾರೆ. ಹೆಡತಲೆಯಲ್ಲಿರುವ ನಮ್ಮವ್ವನಿಗೆ ಮಾತ್ರ ಇದರಲ್ಲಿ ಇನ್ನೂ ನಂಬಿಕೆ ಬಂದಿಲ್ಲ. "ಚಿಕ್ಕೋಳಿದ್ದಾಗ ನಿನ್ ಬಾಯ್ ಮುಚ್ಸಾಕೆ ಒಬ್ಬ ಡಾಕ್ಟ್ರು ಬೇಕಾಗಿತ್ತು. ಈಗ ನೀನು ಬಾಯ್ ಬುಡ್ಸೋ ಡಾಕ್ಟ್ರಾ?" ಎಂದು ಬಂದವರೆದುರಿಗೇ ಕೇಳುತ್ತಾಳೆ.

ಹೋದ ವರ್ಷ ನರಸೀಪುರದ ಮಹಡಿ ಹತ್ತಿ ಬಂದವರು ಕೆಂಪಣ್ಣ ಮತ್ತು ಅವರ ಹೆಂಡತಿ ಚಿಕ್ಕತಾಯಮ್ಮ. (ಹೆಸರು ಮರೆಮಾಚಬಾರದೆಂದು ಕೆಂಪಣ್ಣನವರೇ ಕಟ್ಟುನಿಟ್ಟಾಗಿ ಹೇಳಿರುವುದರಿಂದ ಬರೆಯುತ್ತಿದ್ದೇನೆ.) ಸೋಮನಾಥಪುರದ ಪಕ್ಕದ ಹಳ್ಳಿ, ನಾಲ್ಕು ಹಸು, ಎರಡು ಹೊತ್ತು ಡೈರಿಗೆ ಹಾಲು. ಒಂದು ಬೆಳಿಗ್ಗೆ ಹಾಲು ಕರೆಯುತ್ತಿದ್ದ ಚಿಕ್ಕತಾಯಮ್ಮ ಹಾಗೆಯೇ ಒಂದು ಪಕ್ಕಕ್ಕೆ ವಾಲಿದರಂತೆ. ಬಲಗೈ ಸೋತಿತು, ಮಾತು ಪೂರ್ತಿ ನಿಂತಿತು. ಕೆಂಪಣ್ಣ ವಾರಕ್ಕೆರಡು ಸಲ ಅವರನ್ನು ಮೊಪೆಡ್ಡಿನ ಹಿಂದೆ ಕೂರಿಸಿಕೊಂಡು, ಬೀಳದಿರಲಿ ಎಂದು ಟವೆಲ್ಲಿನಿಂದ ತಮ್ಮ ಸೊಂಟಕ್ಕೇ ಬಿಗಿದು ಕಟ್ಟಿಕೊಂಡು ಕರೆತರುತ್ತಿದ್ದರು. ಮಳೆಯಿರಲಿ, ಬಿಸಿಲಿರಲಿ, ಆರು ತಿಂಗಳಲ್ಲಿ ಒಂದು ದಿನ ತಪ್ಪಿಸಲಿಲ್ಲ. ಹಸುಗಳಿಗೆ ಹಿಂಡಿ ಕಲಸಿಟ್ಟು ಬಂದ ಕೈಯ ವಾಸನೆ ನನ್ನ ಕೋಣೆಯಲ್ಲಿ ಸಂಜೆಯವರೆಗೂ ಇರುತ್ತಿತ್ತು.

ಚಿಕ್ಕತಾಯಮ್ಮ ಗಟ್ಟಿಗಿತ್ತಿ. ಮೊದಲ ತಿಂಗಳು ಬರೀ ‘ಆ’ ‘ಊ’. ಎರಡನೆಯ ತಿಂಗಳಿಗೆ ‘ನೀರು’, ಹಸುವಿಗೆ ‘ಅಸ’, ‘ಬ್ಯಾಡ’ ಬಂತು. ‘ಬ್ಯಾಡ’ ಬಂದ ಮೇಲೆ ಮನೆಯಲ್ಲಿ ಮೊದಲಿನ ಕಳೆ ಬಂತೆಂದು ಕೆಂಪಣ್ಣನೇ ಹೇಳಿದರು. ನಾನು ಚಿತ್ರದ ಕಾರ್ಡು ಹಿಡಿದು ಹೆಸರು ಕೇಳುವುದು, ಅವರು ಹೇಳಿದರೆ ಒಂದು ಅಂಕ, ಹೇಳದಿದ್ದರೆ ಸೊನ್ನೆ. ಇದು ನಮ್ಮ ಕಸುಬಿನ ರೀತಿ. ಮನೆಯವರ ಫೋಟೊ ತರಿಸಿ ಅದನ್ನೂ ತೋರಿಸುತ್ತಿದ್ದೆ. ಸೊಸೆಯ ಹೆಸರು ಬಂತು, ಮೊಮ್ಮಕ್ಕಳ ಹೆಸರು ಬಂತು. ಕೆಂಪಣ್ಣನವರ ಫೋಟೊ ಹಿಡಿದು "ಇವರ ಹೆಸರೇನು?" ಎಂದರೆ ಮಾತ್ರ ತುಟಿ ಬಿಗಿದುಕೊಂಡು ಕಿಟಕಿಯ ಕಡೆ ನೋಡುತ್ತಿದ್ದರು. ಸೊನ್ನೆ.

ಬಣ್ಣದ ಕಾರ್ಡುಗಳದ್ದೂ ಒಂದು ವಿಚಿತ್ರ. ಹಸಿರು ಹೇಳಿದರು, ಹಳದಿ ಹೇಳಿದರು, ಕಷ್ಟಪಟ್ಟು ನೀಲಿಯನ್ನೂ ಹೇಳಿದರು. ಕೆಂಪು ಕಾರ್ಡು ಹಿಡಿದರೆ, "ಕುಂಕ್ಮ" ಎಂದರು. "ಕುಂಕುಮದ ಬಣ್ಣ ಯಾವುದು?" ಎಂದೆ. "ಟಮಾಟೆ" ಎಂದರು. ಇನ್ನೂ ಒತ್ತಾಯಿಸಿದರೆ "ರಕ್ತ" ಎಂದು ನನ್ನನ್ನೇ ದುರುಗುಟ್ಟಿ ನೋಡಿದರು. ಹೇಳಬೇಕಾದ ಪದ ಸಿಗದೆ ಸುತ್ತುಬಳಸಿ ಹೇಳುವುದು ಈ ಕಾಯಿಲೆಯ ಲಕ್ಷಣವೆಂದು ನಮ್ಮ ಪಠ್ಯಪುಸ್ತಕದಲ್ಲೇ ಇದೆ. ಮತ್ತೆ ಸೊನ್ನೆ.

ಅಂದು ಬಸ್ಸಿನಲ್ಲಿ ನಂಜನಗೂಡಿಗೆ ಹಿಂತಿರುಗುವಾಗ ನನ್ನ ತಲೆಯಲ್ಲಿ ದೀಪ ಹತ್ತಿತು. ಎಲ್ಲ ಹೆಸರು ಉಳಿದು ಒಬ್ಬರ ಹೆಸರು ಮಾತ್ರ ಹೋಗಿದೆ! ಎಲ್ಲ ಬಣ್ಣ ಉಳಿದು ಒಂದು ಬಣ್ಣ ಮಾತ್ರ ಹೋಗಿದೆ! ಇಂಥ ರೋಗಿಯನ್ನು ನಾನು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಹೊಸ ಕಾಯಿಲೆ ಕಂಡುಹಿಡಿದವರು ಅದಕ್ಕೆ ಹೆಸರಿಡಬಹುದಲ್ಲವೇ? ‘ಹೆಡತಲೆ ಸಿಂಡ್ರೋಮ್’ ಎಂದು ಕಂಡಕ್ಟರ್ ಕೊಟ್ಟ ಟಿಕೆಟ್ಟಿನ ಹಿಂದೆ ಬರೆದು ನೋಡಿದೆ. ಮೆದುಳಿನ ಕಾಯಿಲೆಗೆ ನಮ್ಮೂರಿಗಿಂತ ಹೊಂದುವ ಹೆಸರು ಇನ್ನಾವುದಿದೆ ಎಂದು ಒಬ್ಬಳೇ ಬೀಗಿದೆ. ಆ ವಾರವೇ ಒಂದು ಪುಟದ ಸಾರಾಂಶ ಬರೆದು ಸಮ್ಮೇಳನಕ್ಕೆ ಕಳುಹಿಸಿಬಿಟ್ಟೆ.

ಸಮ್ಮೇಳನದವರು ಹಿರಿಹಿರಿ ಹಿಗ್ಗಿದರು. ‘ಅಪರೂಪದ ಪ್ರಕರಣ, ತಾವು ವಿಶೇಷ ಉಪನ್ಯಾಸಕರಾಗಿ ಹದಿನೈದು ನಿಮಿಷ ಮಾತನಾಡಬೇಕು’ ಎಂದು ಮೇಲ್ ಬಂತು. ಜೊತೆಗೆ ಉಳಿದ ವಿಶೇಷ ಉಪನ್ಯಾಸಕರ ಪಟ್ಟಿ. ಮೊದಲನೆಯವರು ಉತ್ತರದ ಒಬ್ಬ ಹಿರಿಯ ಪ್ರೊಫೆಸರಮ್ಮ. ಅವರ ಹೆಸರು ಅರ್ಧ ಸಾಲು, ಹೆಸರಿನ ಮುಂದಿನ ಪದವಿಗಳು ಎರಡು ಸಾಲು. ಎರಡನೆಯವರು ನುಂಗುವ ತೊಂದರೆಯ ಬಗ್ಗೆ ದೇಶದೇಶಗಳಲ್ಲಿ ಮಾತಾಡಿ ಬಂದವರು. ಮೂರನೆಯವರು ಮಾತು ಬಾರದವರಿಗೆ ಕಂಪ್ಯೂಟರಿನಿಂದ ಮಾತು ಕೊಡಿಸುವವರು. ಮೂವರೂ ಫೋಟೊದಲ್ಲಿ ಎದೆಯ ಮೇಲೆ ಕೈಕಟ್ಟಿಕೊಂಡು ಅರೆನಗೆ ನಕ್ಕಿದ್ದರು. ನಾಲ್ಕನೆಯವಳು ನಾನು, ನಂಜನಗೂಡು, ಫೋಟೊ ಬರಬೇಕಿದೆ.

ಅಲ್ಲಿಂದ ಶುರುವಾಯಿತು ನೋಡಿ ನಮ್ಮ ಮನೆಯ ಸಡಗರ. ಸ್ಟುಡಿಯೋದವನ ಮುಂದೆ ಎದೆಯ ಮೇಲೆ ಕೈಕಟ್ಟಿ ನಿಂತರೆ ಮನೆ ಬಾಡಿಗೆ ವಸೂಲಿಗೆ ಬಂದವಳ ಹಾಗೆ ಕಾಣುತ್ತಿದ್ದೆ. ಕೈ ಕೆಳಗೆ ಬಿಟ್ಟರೆ ಆಧಾರ್ ಕಾರ್ಡಿನ ಮುಖ ಬಂತು. ಆಮೇಲೆ ನನ್ನ ಪರಿಚಯವನ್ನು ನಾನೇ ಬರೆದು ಕಳುಹಿಸಬೇಕಿತ್ತು, ಅದೂ ಬೇರೆ ಯಾರೋ ಬರೆದ ಹಾಗೆ. ‘ಇವರು ಸರಳ ಸ್ವಭಾವದವರು, ಮಿತಭಾಷಿ’ ಎಂದು ಬರೆದದ್ದನ್ನು ಓದಿದ ನಮ್ಮ ಮನೆಯವರು, "ಯಾರಿವರು? ನಮ್ಮನೆಗೆ ಒಂದ್ಸಲ ಕರ್ಕೊಂಡ್ ಬಾ, ನೋಡೋಣ" ಎಂದರು.

ನಮ್ಮ ಮನೆಯವರು ಹೈಸ್ಕೂಲಿನ ಪಿ.ಟಿ. ಮಾಸ್ತರು. ಹದಿನೈದು ನಿಮಿಷ ಎಂದ ಕೂಡಲೇ ಅವರ ಪೀಪಿ ಜೇಬಿನಿಂದ ಹೊರಬಂತು. ದಿನಾ ಸಂಜೆ ಕ್ಲಿನಿಕ್ಕಿನಲ್ಲಿ ನನ್ನ ಅಭ್ಯಾಸ. ಹನ್ನೆರಡನೆಯ ನಿಮಿಷಕ್ಕೆ ಸಣ್ಣ ಪೀಪಿ, ಹದಿನೈದಕ್ಕೆ ಉದ್ದ ಪೀಪಿ. ಮೊದಲ ದಿನ ಉದ್ದ ಪೀಪಿ ಊದುವ ಹೊತ್ತಿಗೆ ನಾನಿನ್ನೂ ಸಂಘಟಕರಿಗೆ ವಂದನೆ ಹೇಳುತ್ತಲೇ ಇದ್ದೆ. ಹೊರಗೆ ಹೋಗುತ್ತಿದ್ದ ಆಟೋದವನು ಪೊಲೀಸರೆಂದು ಗಕ್ಕನೆ ಬ್ರೇಕ್ ಹಾಕಿ ನಮ್ಮ ಬಾಗಿಲಿಗೆ ಬಂದು ಬೈದು ಹೋದ. ಇದರ ಮಧ್ಯೆ ಸಂಘಟಕರ ಫೋನು: ನಂಜನಗೂಡಿನವರಾದ್ದರಿಂದ ಉಪನ್ಯಾಸಕರ ಹಣ್ಣಿನ ಬುಟ್ಟಿಗೆ ರಸಬಾಳೆ ನಾನೇ ತರಬೇಕಂತೆ. ಸಮ್ಮೇಳನದ ದಿನಕ್ಕೆ ಸರಿಯಾಗಿ ಹಣ್ಣಾಗುವ ಗೊನೆ ಹುಡುಕುವುದು ಉಪನ್ಯಾಸ ಬರೆಯುವುದಕ್ಕಿಂತ ಕಷ್ಟದ ಕೆಲಸವೆಂದು ಅಂದು ತಿಳಿಯಿತು.

ಇಷ್ಟೆಲ್ಲ ಗದ್ದಲದಲ್ಲಿ ಒಬ್ಬ ಮನುಷ್ಯ ದಿನದಿನಕ್ಕೆ ಸಣ್ಣಗಾಗುತ್ತಿದ್ದುದು ನನಗೆ ಕಾಣಿಸಲೇ ಇಲ್ಲ. ಒಂದು ಶುಕ್ರವಾರ ಚಿಕ್ಕತಾಯಮ್ಮನನ್ನು ಒಳಗೆ ಕೂರಿಸಿ ಕೆಂಪಣ್ಣ ಮೆಟ್ಟಿಲ ಬಳಿ ನನ್ನನ್ನು ಕರೆದರು.

"ಮೇಡಂ, ಒಂದ್ ಮಾತು ಕೇಳ್ತೀನಿ, ಬೇಜಾರ್ ಮಾಡ್ಕಬ್ಯಾಡಿ. ಅಸೀಗೆ ಗೌರಿ ಅಂತಾಳೆ. ಡೈರಿ ಸೆಕ್ರೆಟ್ರಿ ಎಸ್ರು ಏಳ್ತಾಳೆ. ಅತ್ತೊರ್ಸದಿಂದ ಮಾತ್ ಬುಟ್ಟಿರೋ ವಾರಗಿತ್ತಿ ಎಸ್ರೂ ಏಳ್ಬುಟ್ಲು. ನಾನೊಬ್ನೇ ನೆಪ್ಪಿಲ್ವಾ?"

"ಮೆದುಳಿನಲ್ಲಿ ಯಾವ ಜಾಗಕ್ಕೆ ಪೆಟ್ಟು ಬಿದ್ದಿರುತ್ತೋ ಹೇಳೋಕಾಗಲ್ಲ ಕೆಂಪಣ್ಣ. ಬರುತ್ತೆ, ಬಿಡಿ."

"ಮನೇಲೂ ಕೂರ್ಸಿ ಏಳ್ಕೊಡ್ತೀನಿ. ಕೆಂ... ಕೆಂ... ಅಂತ ಶುರು ಮಾಡ್ಕೊಟ್ರೂ ಬಾಯ್ ಬಿಗ್ಕತಾಳೆ. ನಲವತ್ತೊರ್ಸ ಬಾಳಾಟ ಮಾಡೀವಿ. ನಮ್ಮಟ್ಟೀಲಿ ಯಾವನೋ ಒಬ್ಬ ಮುದ್ಕ ಉಣ್ಣಾಕಿಕ್ಕಿ ನೀರ್ ಕೊಡ್ತಾನೆ, ಅಂಗನ್ಕಂಡವ್ಳೋ ಏನೋ."

ಅವರ ಕಣ್ಣಲ್ಲಿ ನೀರಿತ್ತು. ನಾನು ದೊಡ್ಡ ಡಾಕ್ಟರಂತೆ ಅವರ ಹೆಗಲು ತಟ್ಟಿ, "ಸಮ್ಮೇಳನದೊಳಗೆ ನಿಮ್ಮ ಹೆಸರು ಹೇಳಿಸೇ ಹೇಳಿಸ್ತೀನಿ" ಎಂದು ಮಾತು ಕೊಟ್ಟೆ. ಹೇಳಿಸಿದರೆ ಅದರ ವಿಡಿಯೊ ತೋರಿಸಿ ಸಭೆಯನ್ನು ದಂಗುಬಡಿಸಬಹುದೆಂಬ ಲೆಕ್ಕಾಚಾರವೂ ಒಳಗೆ ಇತ್ತು, ಸುಳ್ಳೇಕೆ ಹೇಳಲಿ. ಮುಂದಿನ ಎರಡು ವಾರ ಚಿಕ್ಕತಾಯಮ್ಮನ ಮುಂದೆ ಕೆಂಪು ಸೀರೆ, ಕೆಂಪು ಬಕೆಟ್ಟು, ಕೆಂಪಣ್ಣನ ಹತ್ತಾರು ಫೋಟೊ ಹಿಡಿದು ಪ್ರಾಣ ತಿಂದೆ. ಅವರು ಕಿಟಕಿಯಾಚೆ ಎಳನೀರು ಗಾಡಿಯನ್ನು ನೋಡುತ್ತಾ ಕೂತರು.

ಸಮ್ಮೇಳನ ಸೋಮವಾರ. ಹಿಂದಿನ ಶುಕ್ರವಾರ ಸಂಜೆ ನಂಜನಗೂಡಿನ ಕ್ಲಿನಿಕ್ಕಿನಲ್ಲಿ ಕೊನೆಯ ಅಭ್ಯಾಸ. ನಮ್ಮ ಮನೆಯವರ ಹೊರತಾಗಿ ಇನ್ನೊಬ್ಬ ಶ್ರೋತೃ ಇರಲೆಂದು ಕ್ಲಿನಿಕ್ಕಿನ ಕಸ ಗುಡಿಸಿ ಟೋಕನ್ ಕೂಗುವ ನಿಂಗಮ್ಮನನ್ನೂ ಕೂರಿಸಿದೆ. ಇಂಗ್ಲಿಷ್ ಭಾಷಣ ಮುಗಿಯಿತು, ಉದ್ದ ಪೀಪಿಗೆ ಸರಿಯಾಗಿ. ನಿಂಗಮ್ಮ ಆಕಳಿಸಿ, "ಏನವ್ವ ಅಷ್ಟೊತ್ತು ಏಳುದ್ದು?" ಎಂದಳು. ಅವಳಿಗೂ ನನ್ನ ಸಂಶೋಧನೆಯ ಹಿರಿಮೆ ತಿಳಿಯಲೆಂದು ಕನ್ನಡದಲ್ಲಿ ವಿವರಿಸಿದೆ. ಒಬ್ಬ ಹೆಂಗಸಿಗೆ ಲಕ್ವ ಹೊಡೆದು, ಗಂಡನ ಹೆಸರೊಂದು ಮತ್ತು ಕೆಂಪು ಬಣ್ಣವೊಂದು ಮಾತ್ರ ಮರೆತುಹೋಗಿದೆ ಎಂದೆ.

"ಗಂಡನ್ ಎಸ್ರೇನು?" ಎಂದಳು ನಿಂಗಮ್ಮ.

"ಕೆಂಪಣ್ಣ."

ನಿಂಗಮ್ಮ ಪೊರಕೆ ಬಿಟ್ಟು ನೆಲದ ಮೇಲೆ ಕುಳಿತು ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. "ಅಯ್ಯೋ ನನ್ನವ್ವ! ಗಂಡನ್ ಎಸ್ರ ಯಾವ ಗರತಿ ಬಾಯಲ್ಲಿ ಏಳಾಳು? ಏಳುದ್ರೆ ಗಂಡನ್ ಆಯಸ್ಸು ಸವೀತದೆ ಕಣವ್ವ. ಎಸ್ರಲ್ಲಿ ಕೆಂಪು ಇದ್ಮ್ಯಾಕೆ ಬಣ್ಣಾನೂ ಏಳಾಂಗಿಲ್ಲ. ನಮ್ಮಾವನ್ ಎಸ್ರು ಬಸವಯ್ಯ. ನಮ್ಮತ್ತೆ ಸಾಯೋಗಂಟ ಬಸವನಹುಳೂಗೆ ಚಿಪ್ಪಿನುಳ ಅಂತಿದ್ಲು. ಅದೂ ಒಂದ್ ಕಾಯ್ಲೆನಾ?"

"ಆದರೆ ನಾನು ಡಾಕ್ಟರು ಕೇಳಿದಾಗ..." ಎಂದು ತೊದಲಿದೆ. ತೊದಲು ಬಿಡಿಸುವವಳೇ ತೊದಲಿದೆ.

"ನೀವೇನ್ ಕಮ್ಮಿನಾ?" ಎಂದಳು ನಿಂಗಮ್ಮ. "ಆರೊರ್ಸದಿಂದ ನಿಮ್ತಾವ ಕೆಲ್ಸ ಮಾಡ್ತಾವ್ನಿ. ಈ ಮೇಷ್ಟ್ರ ಎಸ್ರೇನು ಅಂತ ಇವತ್ತಿಗೂ ನಂಗೊತ್ತಿಲ್ಲ. ನಮ್ಮನೆಯವ್ರು, ನಮ್ಮನೆಯವ್ರು, ಅಷ್ಟೇಯ."

ನಮ್ಮ ಮನೆಯವರು ಪೀಪಿಯನ್ನು ಮೆಲ್ಲಗೆ ಜೇಬಿಗಿಳಿಸಿ, ನಗು ತಡೆಯಲಾಗದೆ, ಬಾಳೆಗೊನೆ ನೋಡುವ ನೆಪದಲ್ಲಿ ಹೊರಗೆ ಹೋದರು.

ಇದು ನನಗೆ ಗೊತ್ತಿಲ್ಲದ ವಿಷಯವೇ? ಅದೇ ನಾಚಿಕೆಗೇಡು. ನನ್ನ ಜೀವನದ ಮೊದಲ ಉಪನ್ಯಾಸಗಳು ನಡೆದದ್ದೇ ಈ ಕಾರಣಕ್ಕೆ. ಹೆಡತಲೆಯಲ್ಲಿ ಅವ್ವ ಸೊಸೈಟಿಗೆ ಸೀಮೆಎಣ್ಣೆ ತರಲು ಹೋಗುವಾಗ ನನ್ನನ್ನು ಕಡ್ಡಾಯವಾಗಿ ಕರೆದೊಯ್ಯುತ್ತಿದ್ದಳು. ಗುಮಾಸ್ತರು ಕಾರ್ಡು ನೋಡಿ "ಯಜಮಾನ್ರ ಹೆಸರು?" ಎಂದರೆ ಅವ್ವ ಸೆರಗು ಸರಿಮಾಡಿಕೊಂಡು ನನ್ನ ತೋಳು ಚಿವುಟುತ್ತಿದ್ದಳು. ನಾನು ಬೆಂಚಿನ ಮೇಲೆ ಹತ್ತಿ, "ಮರಿಮಾದಪ್ಪ!" ಎಂದು ಸೊಸೈಟಿಯ ಹೆಂಚು ಹಾರುವಂತೆ ಕೂಗುತ್ತಿದ್ದೆ. ಪ್ರತಿ ಕೂಗಿಗೂ ಒಂದು ಕಡಲೆಮಿಠಾಯಿ. ಒಮ್ಮೆ ನನಗೆ ಜ್ವರ ಬಂದು ಅವ್ವ ಒಬ್ಬಳೇ ಹೋಗಿ, ಹೆಸರು ಹೇಳಲಾರದೆ, ಪಕ್ಕದ ಮನೆಯವಳು ಬರುವ ತನಕ ಕಾದು ನಿಂತು ಬಂದಿದ್ದಳು. ಆ ಅವ್ವನ ಮಗಳು, ಆ ಕಡಲೆಮಿಠಾಯಿ ತಿಂದವಳು, ಒಂದು ಡಿಗ್ರಿ ಸಂಪಾದಿಸಿ ಬಂದು ಇನ್ನೊಬ್ಬ ಅವ್ವನಿಗೆ ಸೊನ್ನೆ ಕೊಟ್ಟಿದ್ದಳು. ನನಗೆ ನನ್ನ ಮೇಲೇ ಸಿಟ್ಟು ಬಂತು. ಉಪನ್ಯಾಸ ಹೋದರೆ ಹಾಳಾಗಿ ಹೋಗಲಿ, ಆ ಮನುಷ್ಯ ತಿಂಗಳುಗಟ್ಟಲೆಯಿಂದ ಅಳುತ್ತಿದ್ದಾನಲ್ಲ!

ಶನಿವಾರ ಬೆಳಿಗ್ಗೆಯೇ ಅವರ ಹಳ್ಳಿಗೆ ಹೋದೆ. ಚಿಕ್ಕತಾಯಮ್ಮ ಜಗಲಿಯ ಮೇಲೆ ಕುಳಿತು ಎಡಗೈಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಕೆಂಪಣ್ಣ ಡೈರಿಗೆ ಹಾಲು ಹಾಕಿ ಖಾಲಿ ಕ್ಯಾನು ಹಿಡಿದು ಬಂದರು. ನಾನು ಕಾರ್ಡು ಒಯ್ದಿರಲಿಲ್ಲ, ಫೋಟೊ ಒಯ್ದಿರಲಿಲ್ಲ. ಕೆಂಪಣ್ಣನ ಕಡೆ ಕೈ ತೋರಿಸಿ, ಆರು ತಿಂಗಳಲ್ಲಿ ಒಮ್ಮೆಯೂ ಕೇಳದ ಪ್ರಶ್ನೆ ಕೇಳಿದೆ.

"ಚಿಕ್ಕತಾಯಮ್ಮ, ಇವರು ನಿಮಗೆ ಏನಾಗಬೇಕು?"

"ನ... ನಮ್ಮೋರು" ಎಂದರು, ಅವರೆಕಾಯಿಯಿಂದ ತಲೆ ಎತ್ತದೆ.

"ಹೆಸರು ನೆನಪಿದೆಯಾ? ಹೇಳಬೇಡಿ. ನೆನಪಿದೆಯಾ ಅಷ್ಟೇ."

ಅವರು ನನ್ನನ್ನು ಪೆದ್ದಿಯನ್ನು ನೋಡುವಂತೆ ನೋಡಿ ತಲೆಯಾಡಿಸಿದರು.

ಕೆಂಪಣ್ಣನ ಕೈಯಿಂದ ಕ್ಯಾನು ಠಣಾರೆಂದು ಬಿತ್ತು. "ನೆಪ್ಪೈತಾ? ನಾನು ಮರ್ತೋಗ್ಬುಟ್ಟೆ ಅನ್ಕಂಡಿದ್ನಲ್ಲಮ್ಮಿ!"

"ಇಷ್ಟು ವರ್ಷ ಅವರು ನಿಮ್ಮ ಹೆಸರು ಹೇಳಿದ್ದುಂಟಾ ಕೆಂಪಣ್ಣ?" ಎಂದೆ.

"ಇಲ್ಲ ಕಣ್ರವ್ವ. ಆದ್ರೆ ಇಷ್ಟು ಓದಿರೋ ನೀವೇ ಕೇಳ್ತಿದ್ರಲ್ಲ, ಆಸ್ಪತ್ರೇಲಿ ಏಳ್ಬೋದೇನೋ ಅನ್ಕಂಡೆ. ಪ್ರತಿ ಸಲ ಸೊನ್ನೆ ಬರೀತಿದ್ರಿ. ಡಾಕ್ಟ್ರೇ ಸೊನ್ನೆ ಹಾಕವ್ರೆ ಅಂದ್ಮ್ಯಾಕೆ ಮರ್ತೇ ಓಗವ್ಳೆ ಅಂತ ನಂಬ್ಬುಟ್ಟೆ."

ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಅಷ್ಟರಲ್ಲಿ ಚಿಕ್ಕತಾಯಮ್ಮನಿಗೆ ಸಿಟ್ಟು ಬಂತು. ತಾನು ಗಂಡನನ್ನು ಮರೆತೆನೆಂದು ಊರೆಲ್ಲ ತಿಳಿದುಕೊಂಡಿತೇ ಎಂಬ ಸಿಟ್ಟು. ಅವರೆಕಾಯಿಯ ಮೊರ ಪಕ್ಕಕ್ಕೆ ಸರಿಸಿ, ಸೊಟ್ಟ ತುಟಿಯನ್ನು ನೆಟ್ಟಗೆ ಮಾಡಿಕೊಳ್ಳುತ್ತಾ, ಒಂದೊಂದೇ ಮಾತನ್ನು ಕಿತ್ತು ಹೊರಗೆ ಹಾಕಿದರು.

"ದೊಡ್ಡಟ್ಟಿ... ಗೌಡ್ರ... ಎರಡ್ನೇ ಮಗ. ಮದ್ವೆ ದಿನ... ಚಪ್ಲಿ... ಕಳ್ಕಂಡೋರು. ಉಪ್ಪು... ಜಾಸ್ತಿ... ಬೇಕು. ಬೂಸಾ ಮೂಟೆ... ಇಂದ್ಗಡೆ... ಬೀಡಿ... ಮಡ್ಗೋರು. ಮರ್ತೀನಾ... ನಾನು?"

ಒಂದು ಸಲಕ್ಕೆ ಮೂರು ಮಾತಿಗಿಂತ ಹೆಚ್ಚು ಬಾರದಿದ್ದ ಬಾಯಿ ಅದು. ನಾನು ಎಣಿಸುವುದನ್ನೂ ಮರೆತು ಕೂತೆ. ಕೆಂಪಣ್ಣ ಅಳುತ್ತಾ ನಗುತ್ತಾ ಜಗಲಿಯ ಅಂಚಿಗೆ ಕುಸಿದರು. ಲಕ್ವದ ಡಾಕ್ಟರ ಮುಂದೆ ಬೀಡಿ ಬಿಟ್ಟೆನೆಂದು ಆಣೆ ಮಾಡಿದ್ದವರು ಅವರು. ಕಣ್ಣೊರೆಸಿಕೊಂಡು ಕೇಳಿದ ಮೊದಲ ಪ್ರಶ್ನೆ: "ಬೀಡಿ ಇಚಾರ ನಿಂಗ್ಯಾರಮ್ಮಿ ಏಳುದ್ದು?"

ಅಲ್ಲಿಂದಲೇ ಸಂಘಟಕರಿಗೆ ಫೋನ್ ಮಾಡಿ, ನನ್ನ ಅಪರೂಪದ ಪ್ರಕರಣ ಪ್ರಕರಣವೇ ಅಲ್ಲ, ನನ್ನನ್ನು ಕೈಬಿಡಿ ಎಂದೆ. "ಮೇಡಂ, ಪಟ್ಟಿ ಅಚ್ಚಾಗಿದೆ, ಫ್ಲೆಕ್ಸ್ ಕಟ್ಟಿದೆ. ಏನಾದರೂ ಮಾತಾಡಿ, ರಸಬಾಳೆ ಮಾತ್ರ ಮರೀಬೇಡಿ" ಎಂದರು. ಸರಿ, ಸ್ಲೈಡುಗಳನ್ನೆಲ್ಲ ಅಳಿಸಿ ‘ನಾನು ಕೊಟ್ಟ ಸೊನ್ನೆ’ ಎಂದು ಹೊಸದಾಗಿ ಬರೆದೆ. ಕೆಂಪಣ್ಣ ತಾವೂ ಬರುತ್ತೇವೆಂದು ಹಟ ಹಿಡಿದರು. ಸೋಮವಾರ ಗಂಜಿ ಹಾಕಿದ ಅಂಗಿ ತೊಟ್ಟು, ಹೆಂಡತಿಯ ಕೈ ಹಿಡಿದು, ಮೊದಲ ಸಾಲಿನಲ್ಲೇ ಕುಳಿತಿದ್ದರು.

ಮೈಕಿನ ಮುಂದೆ ನಿಂತು ಇದ್ದದ್ದು ಇದ್ದ ಹಾಗೆ ಹೇಳಿದೆ: ಪರೀಕ್ಷೆ ಬರೆದವರು ರೋಗಿಯಾದರೂ ಫೇಲಾದವಳು ನಾನು ಎಂದೆ. ಹೆಸರಿನಲ್ಲಿ ಬಣ್ಣವಿರುವ ಗಂಡ, ಬಣ್ಣವನ್ನೂ ಬಾಯಲ್ಲಿ ತರದ ಹೆಂಡತಿ, ಕಡಲೆಮಿಠಾಯಿ ತಿಂದ ನಾನು. ಸಭೆ ಮೊದಲು ಮುಗುಳ್ನಕ್ಕಿತು, ಆಮೇಲೆ ಬಾಯಿಬಿಟ್ಟು ನಕ್ಕಿತು, ಬೀಡಿಯ ಹೊತ್ತಿಗೆ ಬಿದ್ದು ಬಿದ್ದು ನಕ್ಕಿತು. ಮುಗಿದ ಮೇಲೆ ಎರಡು ಸಾಲು ಪದವಿಯ ಆ ಪ್ರೊಫೆಸರಮ್ಮ ಎದ್ದು ನಿಂತರು. ಕೊಚ್ಚಿಹಾಕುತ್ತಾರೆಂದು ನಾನು ಕಣ್ಣು ಮುಚ್ಚಿಕೊಂಡೆ. ಅವರು ಕನ್ನಡಕ ತೆಗೆದು, "ನಮ್ಮ ಕಡೆಯೂ ಹೆಂಗಸರು ಹೇಳುವುದಿಲ್ಲ. ನನ್ನ ಫೈಲುಗಳಲ್ಲಿ ಇಂಥ ಸೊನ್ನೆಗಳು ಎಷ್ಟಿವೆಯೋ, ಊರಿಗೆ ಹೋದ ಕೂಡಲೇ ತೆಗೆದು ನೋಡಬೇಕು" ಎಂದು ಕುಳಿತುಬಿಟ್ಟರು. ನನ್ನ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಊಟದ ಹೊತ್ತಿಗೆ ಎಲ್ಲರೂ ಬಂದು ಕೈಕುಲುಕಿದರು. ಕೆಂಪಣ್ಣ ಮಾತ್ರ ತಟ್ಟೆ ಮುಂದಿಟ್ಟುಕೊಂಡು ಸಪ್ಪಗೆ ಕುಳಿತಿದ್ದರು.

"ಯಾಕೆ ಕೆಂಪಣ್ಣ, ಚೆನ್ನಾಗಿರಲಿಲ್ವಾ?"

"ಇಂಗ್ಲಿಸಲ್ಲಿ ನಂಗೇನ್ ತಿಳೀತದೆ ಮೇಡಂ. ಎಸ್ರೊಂದು ಸಿಕ್ತದೇನೋ ಅಂತ ಕಾಲ್ ಗಂಟೆ ಕಿವಿ ನಿಮುರ್ಸ್ಕಂಡು ಕೂತಿದ್ದೆ. ನೀವೂ ಏಳ್ನಿಲ್ವಲ್ಲ!"

ರೋಗಿಯ ಹೆಸರನ್ನಾಗಲಿ, ಮನೆಯವರ ಹೆಸರನ್ನಾಗಲಿ ಸಭೆಯಲ್ಲಿ ಹೇಳಬಾರದು, ಅದು ನಮ್ಮ ಕಸುಬಿನ ಕಟ್ಟಳೆ ಎಂದು ವಿವರಿಸಿದೆ. ಅವರು ಹೆಂಡತಿಯ ಕಡೆ ತಿರುಗಿ, "ಕೇಳಿದ್ಯೇನಮ್ಮಿ? ಇವ್ರಲ್ಲೂ ನಿಂದೇ ಕಟ್ಟಳೆಯಂತೆ. ಇಷ್ಟ್ ದೊಡ್ಡ ಸಭೇಲಿ ಒಬ್ರ ಬಾಯಲ್ಲೂ ನನ್ನೆಸ್ರು ಬರ್ನಿಲ್ಲ" ಎಂದರು.

ಚಿಕ್ಕತಾಯಮ್ಮ ತಮ್ಮ ತಟ್ಟೆಯಲ್ಲಿದ್ದ ಒಬ್ಬಟ್ಟನ್ನು ಎಡಗೈಯಿಂದ ಮೆಲ್ಲಗೆ ಎತ್ತಿ ಗಂಡನ ತಟ್ಟೆಗೆ ಹಾಕಿದರು.

"ಒಳ್ಳೇದೇ... ಆಯ್ತು... ಬುಡಿ" ಎಂದರು. "ನೂರೊರ್ಸ... ಇರ್ತೀರ."